ಗಾಂಜಾ ಕಾರ್ಡ್ ಮಾಡಿಸಿದರೆ ಗ್ರೀನ್ ಕಾರ್ಡ್‌ಗೆ ಕುತ್ತೇ?

ಪ್ರಶ್ನೆ: ನಾವು ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಹತ್ತಿರ ಇದ್ದೇವೆ. ನಾನು ಎಚ್-1ಬಿ (ಉದ್ಯೋಗ) ವೀಸಾದಲ್ಲಿ, ಹೆಂಡತಿ ಎಚ್-4 (ಅವಲಂಬಿತರ) ವೀಸಾದಲ್ಲಿ. ನನ್ನ ಕಂಪನಿ ಮೂಲಕ ಇಬ್ಬರ ಗ್ರೀನ್ ಕಾರ್ಡ್ ಅರ್ಜಿಯನ್ನೂ (ಐ-485) ಹಾಕಿದ್ದೇವೆ, ಇನ್ನೂ ಬಾಕಿ ಇದೆ. ಈ ನಡುವೆ ಹೆಂಡತಿಗೆ ಸ್ತನ ಕ್ಯಾನ್ಸರ್ ಪತ್ತೆಯಾಗಿ ಕೀಮೋ ಶುರುವಾಗಿದೆ. ಎರಡು ಸುತ್ತು ಮುಗಿದಿದೆ. ಪ್ರತಿ ಸುತ್ತಿನ ನಂತರ ಮೂರ್ನಾಲ್ಕು ದಿನ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಡಾಕ್ಟರು ‘ಮೆಡಿಕಲ್ ಮರಿಜುವಾನಾ ಕಾರ್ಡ್ ಮಾಡಿಸಿ, ಈ ರಾಜ್ಯದಲ್ಲಿ ಅದು ಕಾನೂನುಬದ್ಧ’ ಎಂದರು. ಆದರೆ ಹೆಸರು, ವಿಳಾಸ, ಕಾಯಿಲೆ ಎಲ್ಲವೂ ಸರ್ಕಾರದ ಪಟ್ಟಿಗೆ ಹೋಗುತ್ತದಂತೆ. ಆ ಪಟ್ಟಿ ವಲಸೆ ಇಲಾಖೆಯ ಕೈಗೆ ಸಿಕ್ಕರೆ? ಒಬ್ಬ ಸ್ನೇಹಿತರು ‘ಹಿಪಾ ಅಂತ ಆರೋಗ್ಯ ಮಾಹಿತಿ ಗೌಪ್ಯತೆಯ ಕಾನೂನು ಇದೆ, ಯಾರಿಗೂ ಗೊತ್ತಾಗಲ್ಲ’ ಅಂತಾರೆ. ಇನ್ನೊಬ್ಬರು ‘ಕಾರ್ಡ್ ಮಾಡಿಸಿದರೆ ಡಿಪೋರ್ಟ್ ಮಾಡ್ತಾರೆ’ ಅಂತಾರೆ. ಅವಳಿಗೆ ಓಡಾಡಲು ಶಕ್ತಿಯಿಲ್ಲ, ನಾನೇ ಕೇರ್‌ಗಿವರ್ ಆಗಿ ಅಂಗಡಿಯಿಂದ ತರಬಹುದೇ? ಚಿಕಿತ್ಸೆ ಮುಗಿದ ಮೇಲೆ ಊರಿಗೆ ಬರುವ ಯೋಚನೆಯೂ ಇದೆ.

ಉತ್ತರ: ಕಾಯುವ ಸ್ಥಿತಿಯಲ್ಲಿ ನೀವಿಲ್ಲ, ಮುಂದಿನ ಸುತ್ತು ಹತ್ತಿರದಲ್ಲೇ ಇರುತ್ತದೆ. ಹಾಗಾಗಿ ಮಾಡಬೇಕಾದ್ದನ್ನು ಮೊದಲೇ ಹೇಳುತ್ತೇನೆ. ಸದ್ಯಕ್ಕೆ ಕಾರ್ಡ್‌ಗೆ ಅರ್ಜಿ ಹಾಕಬೇಡಿ. ನೀವಂತೂ ಕೇರ್‌ಗಿವರ್ ಆಗಲೇಬೇಡಿ. ಗಾಂಜಾದಲ್ಲಿರುವ ಟಿಎಚ್‌ಸಿ ಅಂಶವೇ ಮಾಮೂಲಿ ಫಾರ್ಮಸಿಯಲ್ಲಿ, ಮಾಮೂಲಿ ಚೀಟಿಯ ಮೇಲೆ, ಯಾವ ಕಾರ್ಡೂ ಇಲ್ಲದೆ ಸಿಗುವ ಮಾತ್ರೆಯಾಗಿ ಇದೆ. ಅದನ್ನು ಆಂಕಾಲಜಿಸ್ಟ್ (ಕ್ಯಾನ್ಸರ್ ತಜ್ಞರು) ಹತ್ತಿರ ‘ಡ್ರೊನಾಬಿನಾಲ್’ ಎಂದು ಹೆಸರು ಹಿಡಿದು ಕೇಳಿ. ಇಷ್ಟು ಹೇಳಿದ್ದಕ್ಕೆ ಕಾರಣಗಳನ್ನು ಕೊಡಬೇಕು, ಯಾಕೆಂದರೆ ನಿಮ್ಮ ಇಬ್ಬರು ಸ್ನೇಹಿತರ ಮಾತಿನಲ್ಲೂ ಅರ್ಧ ಸತ್ಯವಿದೆ, ಆ ಅರ್ಧ ಸತ್ಯಗಳೇ ಜನರನ್ನು ಸಿಕ್ಕಿಸುತ್ತವೆ.

ನಿಮ್ಮ ಆತಂಕದಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಪಟ್ಟಿಯಲ್ಲಿರುವ ಹೆಸರು ಯಾರ ಕೈ ಸೇರುತ್ತದೆ ಎನ್ನುವುದು ಒಂದು. ಆ ಪಟ್ಟಿ ಯಾರ ಕೈಗೂ ಸೇರದೆ ಭದ್ರವಾಗಿ ಉಳಿದರೂ ನಿಮಗೆ ತೊಂದರೆ ಆಗಬಹುದೇ ಎನ್ನುವುದು ಇನ್ನೊಂದು. ಅಮೆರಿಕದ ಪ್ರಜೆಗೆ ಮೊದಲನೆಯದು ಮುಖ್ಯ. ಅರ್ಜಿ ಬಾಕಿಯಿರುವ ನಿಮ್ಮಂಥವರಿಗೆ ಎರಡನೆಯದೇ ಮುಖ್ಯ.

ಹಿಪಾ ಎಲ್ಲಿಯವರೆಗೆ ಕಾಯುತ್ತದೆ

1996ರ ಹಿಪಾ ಕಾಯ್ದೆ ಆರೋಗ್ಯ ಮಾಹಿತಿ ಎಲ್ಲಿದ್ದರೂ ಕಾಯುತ್ತದೆ ಎಂಬ ನಂಬಿಕೆ ತುಂಬಾ ಹರಡಿದೆ. ಅದು ಕಾಯುವುದು ಕೆಲವರ ಕೈಯಲ್ಲಿರುವ ಮಾಹಿತಿಯನ್ನು ಮಾತ್ರ: ವಿಮಾ ಕಂಪನಿಗಳು, ಬಿಲ್ಲಿಂಗ್ ಮಧ್ಯವರ್ತಿಗಳು, ಮತ್ತು ವಿಮೆಯ ಬಿಲ್ ಮುಂತಾದ ನಿಗದಿತ ವ್ಯವಹಾರಗಳನ್ನು ಎಲೆಕ್ಟ್ರಾನಿಕ್ ಆಗಿ ನಡೆಸುವ ಆಸ್ಪತ್ರೆ, ಡಾಕ್ಟರು, ಫಾರ್ಮಸಿಗಳು. ನಿಮ್ಮ ಪತ್ನಿಯ ಕ್ಯಾನ್ಸರ್ ಆಸ್ಪತ್ರೆ ಇದರೊಳಗೆ ಬರುತ್ತದೆ. ಗಾಂಜಾ ಮಾರುವ ಡಿಸ್ಪೆನ್ಸರಿ ಸಾಮಾನ್ಯವಾಗಿ ಬರುವುದಿಲ್ಲ, ವಿಮೆ ಅದಕ್ಕೆ ಹಣ ಕೊಡುವುದೇ ಇಲ್ಲವಲ್ಲ. ಆನ್‌ಲೈನಿನಲ್ಲಿ ಹತ್ತು ನಿಮಿಷ ಮಾತಾಡಿ ಕಾರ್ಡ್‌ಗೆ ಬೇಕಾದ ವೈದ್ಯರ ದೃಢೀಕರಣ ಕೊಡುವ ಕ್ಲಿನಿಕ್‌ಗಳಲ್ಲಿ ರೋಗಿಯಿಂದ ನೇರ ಹಣ ಮಾತ್ರ ಪಡೆದು ವಿಮೆಯ ತಂಟೆಗೇ ಹೋಗದವು ಹಲವಿವೆ. ಅಂಥವು ಹಿಪಾದ ಹೊರಗೇ ಉಳಿಯಬಹುದು. ಅವುಗಳ ವೆಬ್‌ಸೈಟಿನಲ್ಲಿ ‘ಹಿಪಾ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಕಾನೂನಿನ ಸ್ಥಿತಿ ಬದಲಾಗುವುದಿಲ್ಲ.

ರಾಜ್ಯದ ರೋಗಿಗಳ ಪಟ್ಟಿಯನ್ನು ಕಾಯುವುದು ಮುಖ್ಯವಾಗಿ ಆಯಾ ರಾಜ್ಯದ ಕಾಯ್ದೆ. ಪೆನ್ಸಿಲ್ವೇನಿಯಾದಲ್ಲಿ ಅದು 2016ರ ಆ್ಯಕ್ಟ್ 16. ಆರೋಗ್ಯ ಇಲಾಖೆ ಪಟ್ಟಿಯನ್ನು ಗೌಪ್ಯವಾಗಿ ಇಡಬೇಕು, ಮಾಹಿತಿ ಹಕ್ಕಿನ ಅರ್ಜಿ ಹಾಕಿ ಯಾರೂ ರೋಗಿಯ ಹೆಸರನ್ನು ಪಡೆಯಲಾಗದು ಎಂದು ಅದು ಹೇಳುತ್ತದೆ. ನೆರೆಹೊರೆಯವರು, ಮನೆ ಮಾಲೀಕರು, ಪತ್ರಕರ್ತರು, ಕಂಪನಿಯ ಎಚ್‌ಆರ್ ಇವರ ವಿರುದ್ಧ ಈ ಗೋಡೆ ಗಟ್ಟಿಯಾಗಿಯೇ ಇದೆ. ಕಾರ್ಡ್ ಇದೆ ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ.

ಸರ್ಕಾರಕ್ಕೆ ಇಷ್ಟೆಲ್ಲ ಯಾಕೆ ಬೇಕು?

ನಿಯಂತ್ರಣದ ಕಡೆಯ ವಾದವನ್ನೂ ನ್ಯಾಯವಾಗಿ ನೋಡಬೇಕು. ಗಾಂಜಾಕ್ಕೆ ಅಮೆರಿಕದ ಡಾಕ್ಟರು ಮಾಮೂಲಿ ಔಷಧದ ಚೀಟಿ ಬರೆಯುವಂತಿಲ್ಲ, ಫೆಡರಲ್ (ಕೇಂದ್ರ) ಕಾನೂನು ಬಿಡುವುದಿಲ್ಲ. ರೋಗಿಗೆ ಶಿಫಾರಸು ಮಾಡುವುದು ಡಾಕ್ಟರ ವಾಕ್ ಸ್ವಾತಂತ್ರ್ಯ ಎಂದು 2002ರಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕೊನಾಂಟ್ ಪ್ರಕರಣದಲ್ಲಿ ಹೇಳಿತು. ಹೀಗೆ ಫಾರ್ಮಸಿ, ಚೀಟಿ, ವಿಮೆ ಮೂರೂ ಇಲ್ಲದ ಜಾಗದಲ್ಲಿ ರಾಜ್ಯಗಳು ತಮ್ಮದೇ ವ್ಯವಸ್ಥೆ ಕಟ್ಟಬೇಕಾಯಿತು. ನಡುರಾತ್ರಿ ಗಾಡಿ ತಡೆದ ಪೊಲೀಸರಿಗೆ ಕಾರ್ಡ್ ಅಸಲಿಯೋ ನಕಲಿಯೋ ಗೊತ್ತಾಗಬೇಕು. ಒಬ್ಬರೇ ನಾಲ್ಕು ಅಂಗಡಿ ಸುತ್ತಿ ನಾಲ್ಕರಷ್ಟು ಕೊಳ್ಳದಂತೆ ತಡೆಯಬೇಕು. ಪೆನ್ಸಿಲ್ವೇನಿಯಾದಲ್ಲಿ ಒಂದು ಸಲಕ್ಕೆ 30 ದಿನದ ಪ್ರಮಾಣವೇ ಮಿತಿಯಾಗಿತ್ತು, 2021ರ ತಿದ್ದುಪಡಿ ಅದನ್ನು 90 ದಿನಕ್ಕೆ ಏರಿಸಿತು. ಅಂಗಡಿ ಅಂಗಡಿಗಳ ಲೆಕ್ಕ ಒಂದೇ ಕಡೆ ಸೇರದಿದ್ದರೆ ಈ ಮಿತಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಕೀಟನಾಶಕ ಅಥವಾ ಬೂಷ್ಟು ಪತ್ತೆಯಾದ ಸರಕನ್ನು ವಾಪಸ್ ಕರೆಯಲಿಕ್ಕೂ ಜಾಡು ಬೇಕು. ಕೀಮೋದಿಂದ ರೋಗನಿರೋಧಕ ಶಕ್ತಿ ಕುಸಿದವರಿಗೆ ಬೂಷ್ಟು ಸಣ್ಣ ವಿಷಯವಲ್ಲ.

ಈ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಗಿಡದ ಲೆಕ್ಕ ಮತ್ತು ಒಂದು ಕಾರ್ಡ್ ಸಂಖ್ಯೆ. ಅದರ ಜೊತೆ ಹೆಸರು, ಮನೆ ವಿಳಾಸ, ಕಾಯಿಲೆ ಎಲ್ಲವೂ ಒಂದೇ ಕಡೆ ಕೂರಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಲಿಫೋರ್ನಿಯಾ ಇದನ್ನು ಮಾಡಿ ತೋರಿಸಿದೆ. 1996ರಲ್ಲಿ ಮತದಾರರು ವೈದ್ಯಕೀಯ ಗಾಂಜಾಕ್ಕೆ ಅವಕಾಶ ಕೊಡುವ ಪ್ರೊಪೊಸಿಷನ್ 215 ಒಪ್ಪಿದ ಬಳಿಕ, 2004ರಿಂದ ಜಾರಿಗೆ ಬಂದ ಅಲ್ಲಿನ ಗುರುತಿನ ಕಾರ್ಡ್ ಕಡ್ಡಾಯವಲ್ಲ. ಕಾನೂನಿನ ಪ್ರಕಾರ ಅದರ ಮೇಲೆ ಇರಬೇಕಾದದ್ದು ಫೋಟೊ, ವಿಶಿಷ್ಟ ಸಂಖ್ಯೆ, ಅವಧಿ, ಕೌಂಟಿ ಆರೋಗ್ಯ ಇಲಾಖೆಯ ವಿವರ ಮತ್ತು ಪರಿಶೀಲನೆಯ ಫೋನ್ ನಂಬರ್. ಹೆಸರು ಆ ಯಾದಿಯಲ್ಲಿ ಇಲ್ಲ. 2016ರ ಪ್ರೊಪೊಸಿಷನ್ 64 ಆ ಕಡತಗಳಿಗೆ ವೈದ್ಯಕೀಯ ಮಾಹಿತಿಯ ರಕ್ಷಣೆಯನ್ನೂ ಕೊಟ್ಟಿತು.

ನಿಮ್ಮ ರಾಜ್ಯದಲ್ಲಿ ಹಾಗಿಲ್ಲ. ಆನ್‌ಲೈನ್ ನೋಂದಣಿ, ರಾಜ್ಯದ ಗುರುತಿನ ಚೀಟಿ, ನೋಂದಾಯಿತ ಡಾಕ್ಟರ ದೃಢೀಕರಣ, 50 ಡಾಲರ್ ಶುಲ್ಕ, ಆಮೇಲೆ ಕಾರ್ಡ್. ಅಂಗಡಿಯಲ್ಲಿ ಕಾರ್ಡ್ ತೋರಿಸಿ ಕೊಂಡಾಗ ಕೊಡುವ ರಸೀದಿಯಲ್ಲಿ ಏನಿರಬೇಕೆಂದು ಕಾಯ್ದೆಯೇ ಹೇಳುತ್ತದೆ: ಅಂಗಡಿಯ ಹೆಸರು ಮತ್ತು ವಿಳಾಸ, ರೋಗಿಯ ಹೆಸರು ಮತ್ತು ವಿಳಾಸ, ಕೇರ್‌ಗಿವರ್ ಇದ್ದರೆ ಅವರ ಹೆಸರು ಮತ್ತು ವಿಳಾಸ, ಕೊಟ್ಟ ದಿನಾಂಕ, ಡಾಕ್ಟರು ಹಾಕಿದ ಮಿತಿ, ಯಾವ ರೂಪದಲ್ಲಿ ಎಷ್ಟು ಕೊಟ್ಟರು ಎಂಬುದು. ಅಂಗಡಿಯವರು ಇದೇ ವಿವರವನ್ನು ಇಲಾಖೆಯ ಟ್ರ್ಯಾಕಿಂಗ್ ವ್ಯವಸ್ಥೆಗೂ ಸೇರಿಸಬೇಕು. ಎಂದರೆ ನಿಮ್ಮ ಪತ್ನಿ ಯಾವ ದಿನ ಎಷ್ಟು ಕೊಂಡರು ಎಂಬ ಪೂರ್ತಿ ಚರಿತ್ರೆ ಹೆಸರಿನ ಸಮೇತ ಸರ್ಕಾರದಲ್ಲಿ ಉಳಿಯುತ್ತದೆ. ಕಾರ್ಡ್ ಅವಧಿ ಮುಗಿಯಲು ಬಿಟ್ಟರೆ ಆ ಚರಿತ್ರೆ ತಾನಾಗಿ ಅಳಿಸಿಹೋಗುತ್ತದೆ ಎಂದು ಭಾವಿಸಬೇಡಿ.

ಪಟ್ಟಿ ಹೊರಗೆ ಹೋದದ್ದುಂಟೇ?

ರಾಜ್ಯದ ಪಟ್ಟಿಯಿಂದ ವಲಸೆ ಇಲಾಖೆಗೆ ದಿನನಿತ್ಯ ಮಾಹಿತಿ ಹರಿಯುವ ಕೊಂಡಿ ಇಲ್ಲ. ಆ ಮಟ್ಟಿಗೆ ನಿಮ್ಮ ಮೊದಲ ಸ್ನೇಹಿತರು ಸರಿ. ಆದರೆ ಫೆಡರಲ್ ಸರ್ಕಾರ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಕರಣಗಳು ದಿಕ್ಕು ತೋರಿಸುತ್ತವೆ.

2007ರಲ್ಲಿ ವಾಷಿಂಗ್ಟನ್ ರಾಜ್ಯದ ಒಂದು ಫೆಡರಲ್ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ಪರಿಶೀಲಿಸುವ ನಾಗರಿಕರ ಮಂಡಳಿ) ಆರೆಗಾನ್‌ನ 17 ರೋಗಿಗಳ ಕಡತ ಕೊಡಿ ಎಂದು ರಾಜ್ಯದ ಕಾರ್ಯಕ್ರಮಕ್ಕೂ ಒಂದು ಕ್ಲಿನಿಕ್‌ಗೂ ಸಬ್‌ಪೀನಾ (ದಾಖಲೆ ಒಪ್ಪಿಸಬೇಕೆಂಬ ಆದೇಶ) ಕಳಿಸಿತು. ನ್ಯಾಯಾಧೀಶರು ರೋಗಿಗಳ ಗೌಪ್ಯತೆಯನ್ನು ಎತ್ತಿಹಿಡಿದು ಅದನ್ನು ರದ್ದು ಮಾಡಿದರು. 2011ರಲ್ಲಿ ಮಿಷಿಗನ್‌ನಲ್ಲಿ ಫೆಡರಲ್ ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ ಏಳು ಮಂದಿಯ ದಾಖಲೆ ಕೇಳಿತು. ಮಿಷಿಗನ್ ಕಾಯ್ದೆಯಲ್ಲಿ ಪಟ್ಟಿಯ ಮಾಹಿತಿ ಸೋರಿಸಿದ ನೌಕರನಿಗೆ ಆರು ತಿಂಗಳವರೆಗೆ ಜೈಲು ಇದೆ, ಪೊಲೀಸರು ಕೇಳಿದರೂ ಕಾರ್ಡ್ ಊರ್ಜಿತವೇ ಎಂಬುದಕ್ಕೆ ಬೇಕಾದಷ್ಟನ್ನೇ ಹೇಳಬೇಕು. ಆದರೂ ಫೆಡರಲ್ ನ್ಯಾಯಾಲಯ ‘ಕೊಡಿ’ ಎಂದಿತು. ಫೆಡರಲ್ ಸಬ್‌ಪೀನಾದ ಎದುರು ರಾಜ್ಯದ ಗೌಪ್ಯತೆಯ ಕಲಮು ನಿಲ್ಲಲಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ, ಅಧಿಕಾರಿಗಳು ಸುಮ್ಮನೆ ಬಲೆ ಬೀಸಿದರೆ ನ್ಯಾಯಾಲಯ ತಡೆದೀತು, ನಿರ್ದಿಷ್ಟ ತನಿಖೆಗೆ ನಿರ್ದಿಷ್ಟ ಹೆಸರು ಕೇಳಿದರೆ ತಡೆಯುವ ಭರವಸೆ ಇಟ್ಟುಕೊಳ್ಳಲಾಗದು ಎನ್ನಬಹುದು.

ಪಟ್ಟಿಯನ್ನು ಬೇರೆ ಉದ್ದೇಶಕ್ಕೆ ಬಳಸಿದ ಉದಾಹರಣೆಯೂ ಇದೆ. 2017ರಲ್ಲಿ ಹೊನೊಲುಲು ಪೊಲೀಸರು ಗಾಂಜಾ ಕಾರ್ಡ್‌ದಾರರ ಹೆಸರನ್ನು ಬಂದೂಕು ಮಾಲೀಕರ ಪಟ್ಟಿಯ ಜೊತೆ ತಾಳೆ ನೋಡಿ, 30 ದಿನದೊಳಗೆ ಬಂದೂಕು ಒಪ್ಪಿಸಿ ಎಂದು ಪತ್ರ ಕಳಿಸಿದರು. ಜನ ಸಿಟ್ಟಿಗೆದ್ದ ಮೇಲೆ ಆ ಕ್ರಮ ನಿಂತಿತು.

ನನ್ನನ್ನು ಇದಕ್ಕಿಂತ ಹೆಚ್ಚು ಚಿಂತೆಗೆ ಹಚ್ಚುವುದು ಬರೀ ಅಸಡ್ಡೆಯಿಂದ ಆಗುವ ಸೋರಿಕೆ. 2020ರ ಜನವರಿಯಲ್ಲಿ ಬಯಲಾದ ಟಿಎಚ್‌ಸ್ವೀಟ್ ಪ್ರಕರಣದಲ್ಲಿ ಡಿಸ್ಪೆನ್ಸರಿಗಳು ಬಳಸುತ್ತಿದ್ದ ಬಿಲ್ಲಿಂಗ್ ಸಾಫ್ಟ್‌ವೇರಿನ 85,000ಕ್ಕೂ ಹೆಚ್ಚು ಫೈಲುಗಳು ಪಾಸ್‌ವರ್ಡೇ ಇಲ್ಲದ ಕ್ಲೌಡ್ ಸಂಗ್ರಹದಲ್ಲಿ ಬಿದ್ದಿದ್ದವು. 30,000ಕ್ಕೂ ಹೆಚ್ಚು ಜನರ ಗುರುತು ಅದರಲ್ಲಿತ್ತು. 2025ರಲ್ಲಿ ಒಹಾಯೋದಲ್ಲಿ ಕಾರ್ಡ್ ಮಾಡಿಸಿಕೊಡುವ ಒಂದು ಸಂಸ್ಥೆಯ ಸುಮಾರು ಒಂಬತ್ತೂವರೆ ಲಕ್ಷ ದಾಖಲೆಗಳು ಹಾಗೇ ತೆರೆದಿದ್ದವು. ಇವೆರಡೂ ಸರ್ಕಾರದ ಪಟ್ಟಿಗಳಲ್ಲ, ರೋಗಿ ಮತ್ತು ಸರ್ಕಾರದ ನಡುವೆ ನಿಂತ ಖಾಸಗಿಯವರ ಸರ್ವರ್‌ಗಳು. ಕಾನೂನಿನಲ್ಲಿ ಗೌಪ್ಯತೆಯ ಕಲಮು ಎಷ್ಟೇ ಚೆನ್ನಾಗಿರಲಿ, ರೋಗಿಯ ಡ್ರೈವಿಂಗ್ ಲೈಸೆನ್ಸಿನ ಸ್ಕ್ಯಾನ್ ಮೊದಲು ಹೋಗಿ ಕೂರುವುದು ಇಂಥ ಕಡೆಗಳಲ್ಲಿ.

ಪಟ್ಟಿ ಭದ್ರವಾಗಿದ್ದರೂ ಇರುವ ಅಪಾಯ

ಈಗ ನಿಮ್ಮ ಎರಡನೇ ಪ್ರಶ್ನೆ. 1970ರ ನಿಯಂತ್ರಿತ ವಸ್ತುಗಳ ಕಾಯ್ದೆ ಗಾಂಜಾವನ್ನು ವಸ್ತುಗಳ ಐದು ಪಟ್ಟಿಗಳಲ್ಲಿ ಅತಿ ಕಟ್ಟುನಿಟ್ಟಾದ ಒಂದನೇ ಪಟ್ಟಿಗೆ ಸೇರಿಸಿತು. ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪ 2024ರ ಮೇ ತಿಂಗಳಲ್ಲಿ ಅಧಿಕೃತವಾಗಿ ಬಂತು. ಅದನ್ನು ಓದಿ ‘ಇನ್ನು ತೊಂದರೆಯಿಲ್ಲ’ ಎಂದುಕೊಂಡವರು ಹಲವರು. ವಲಸೆ ಕಾನೂನು ನೋಡುವುದು ಆ ಕಾಯ್ದೆಯ ಯಾವುದೇ ಪಟ್ಟಿಯಲ್ಲಿರುವ ವಸ್ತುವನ್ನು. ಸಂಖ್ಯೆ ಒಂದೋ ಮೂರೋ ಎಂಬುದರಿಂದ ಅಲ್ಲಿನ ಲೆಕ್ಕ ಬದಲಾಗುವುದಿಲ್ಲ.

ಅಧಿಕಾರಿಯ ಎದುರು ಡ್ರಗ್ಸ್ ಅಪರಾಧದ ಅಂಶಗಳನ್ನು ನೀವೇ ಒಪ್ಪಿಕೊಂಡರೆ, ಕೇಸು, ಬಂಧನ, ಶಿಕ್ಷೆ ಒಂದೂ ಇಲ್ಲದೆ ಗ್ರೀನ್ ಕಾರ್ಡ್‌ಗೆ ಅನರ್ಹರಾಗಬಹುದು. ಐ-485 ಫಾರಂ ಇದನ್ನು ನೇರವಾಗಿ ಕೇಳುತ್ತದೆ: ಯಾವುದೇ ರಾಜ್ಯದ, ಅಮೆರಿಕದ ಅಥವಾ ಬೇರೆ ದೇಶದ ನಿಯಂತ್ರಿತ ವಸ್ತುಗಳ ಕಾನೂನನ್ನು ಎಂದಾದರೂ ಉಲ್ಲಂಘಿಸಿದ್ದೀರಾ? ಸಂದರ್ಶನದಲ್ಲಿ ಅಧಿಕಾರಿ ಅದನ್ನೇ ಪ್ರಮಾಣ ಮಾಡಿಸಿ ಮತ್ತೆ ಕೇಳಬಹುದು. ಪೆನ್ಸಿಲ್ವೇನಿಯಾದಲ್ಲಿ ಕಾರ್ಡ್ ಇಟ್ಟುಕೊಂಡು ಕೊಂಡ ಗಾಂಜಾ ಅಲ್ಲಿನ ಕಾನೂನಿಗೆ ಸರಿ. ಅದೇ ಪೊಟ್ಟಣದ ಬಗ್ಗೆ ಫೆಡರಲ್ ಅಧಿಕಾರಿ ಬೇರೆ ಉತ್ತರ ನಿರೀಕ್ಷಿಸುತ್ತಾನೆ. 2019ರ ಏಪ್ರಿಲ್ 19ರಂದು ವಲಸೆ ಇಲಾಖೆ ಹೊರಡಿಸಿದ ನೀತಿಯೂ ಪೌರತ್ವದ ಅರ್ಜಿಗಳ ವಿಷಯದಲ್ಲಿ ಇದನ್ನೇ ಹೇಳಿತು: ರಾಜ್ಯದಲ್ಲಿ ಕಾನೂನುಬದ್ಧವಾದರೂ ಗಾಂಜಾ ಬಳಕೆ, ಗಾಂಜಾ ಉದ್ಯಮದ ಕೆಲಸ ಎರಡೂ ‘ಸನ್ನಡತೆ’ಗೆ ಅಡ್ಡಿಯಾಗಬಹುದು. 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಗಾಂಜಾ ಒಂದೇ ಸಲ ಇಟ್ಟುಕೊಂಡದ್ದಕ್ಕೆ ಒಂದು ಕಿರಿದಾದ ವಿನಾಯಿತಿ ಇದೆ. ತಿಂಗಳು ತಿಂಗಳು ಕೊಂಡ ಚರಿತ್ರೆ ಅದರೊಳಗೆ ಹಿಡಿಸುವುದು ಕಷ್ಟ.

ಹಾಗಾಗಿ ಪಟ್ಟಿಯನ್ನು ಯಾರೂ ತೆರೆಯಬೇಕಾಗಿಲ್ಲ. ಪ್ರಶ್ನೆ ಬಂದಾಗ ನಿಜ ಹೇಳಿದರೆ ಅರ್ಜಿಗೆ ಪೆಟ್ಟು. ಸುಳ್ಳು ಹೇಳಿದರೆ ಅದಕ್ಕಿಂತ ದೊಡ್ಡ ಪೆಟ್ಟು, ಏಕೆಂದರೆ ವಲಸೆಯ ಲಾಭಕ್ಕಾಗಿ ಹೇಳಿದ ಸುಳ್ಳು ಜೀವನಪೂರ್ತಿ ಅಂಟಿಕೊಳ್ಳುವ ಅನರ್ಹತೆ. ದಯವಿಟ್ಟು ಯಾರು ಸಲಹೆ ಕೊಟ್ಟರೂ ಸುಳ್ಳಿನ ದಾರಿ ಹಿಡಿಯಬೇಡಿ.

‘ಕಾರ್ಡ್ ಮಾಡಿಸಿದರೆ ಡಿಪೋರ್ಟ್’ ಎಂಬ ಮಾತು ಅತಿಯಾಯಿತು. ಕಾರ್ಡ್ ಎಂದರೆ ಶಿಕ್ಷೆಯ ತೀರ್ಪಲ್ಲ, ಅದನ್ನು ಹಿಡಿದುಕೊಂಡು ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ. ಆಪತ್ತು ಎದುರಾಗುವುದು ಮೂರು ಕಡೆ: ಗ್ರೀನ್ ಕಾರ್ಡ್ ಸಂದರ್ಶನ, ಸಿವಿಲ್ ಸರ್ಜನ್ (ವಲಸೆ ಇಲಾಖೆ ಮಾನ್ಯ ಮಾಡಿದ ಡಾಕ್ಟರು) ಮಾಡುವ ಐ-693 ವೈದ್ಯಕೀಯ ತಪಾಸಣೆ, ಮತ್ತು ವಿಮಾನ ನಿಲ್ದಾಣ. ಆ ತಪಾಸಣೆ ನಿಮ್ಮ ಮನೆ ಡಾಕ್ಟರ ಭೇಟಿಯ ಹಾಗಲ್ಲ, ಅಲ್ಲಿ ಹೇಳಿದ್ದು ಇಲಾಖೆಗೆ ಹೋಗುವ ಫಾರಂಗೆ ಸೇರುತ್ತದೆ. ವಿಮಾನ ನಿಲ್ದಾಣದಲ್ಲಿ ಸಿಬಿಪಿ (ಕಸ್ಟಮ್ಸ್ ಮತ್ತು ಗಡಿ ರಕ್ಷಣೆ) ಅಧಿಕಾರಿಗಳು ಫೋನ್ ತೆರೆದು ನೋಡಬಲ್ಲರು. ಕಾರ್ಡಿನ ಫೋಟೊ, ಡಿಸ್ಪೆನ್ಸರಿಯ ರಿಯಾಯಿತಿ ಮೆಸೇಜು, ‘ಗಮ್ಮಿ ತಗೊಂಡಳು, ನಿದ್ದೆ ಬಂತು’ ಎಂದು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ ಸಾಲು, ಎಲ್ಲವೂ ಆ ಫೋನಿನಲ್ಲೇ ಇರುತ್ತದೆ.

ಕೇರ್‌ಗಿವರ್ ಆಗಬೇಡಿ ಎಂದು ಒತ್ತಿ ಹೇಳಿದ್ದಕ್ಕೆ ಎರಡು ಕಾರಣ. ಪೆನ್ಸಿಲ್ವೇನಿಯಾದಲ್ಲಿ ರೋಗಿಯ ಬೆರಳಚ್ಚು ಕೇಳುವುದಿಲ್ಲ, ಕೇರ್‌ಗಿವರ್‌ನದ್ದು ಕೇಳುತ್ತಾರೆ. ರಾಜ್ಯ ಪೊಲೀಸರ ಮೂಲಕ ಅದು ಎಫ್‌ಬಿಐವರೆಗೆ ಹೋಗುತ್ತದೆ. ಎರಡನೆಯದು ಇನ್ನೂ ಮುಖ್ಯ. ನಿಮ್ಮ ಗ್ರೀನ್ ಕಾರ್ಡ್‌ನಲ್ಲಿ ಮೂಲ ಅರ್ಜಿದಾರರು ನೀವು, ಪತ್ನಿಯ ಅರ್ಜಿ ನಿಮ್ಮದಕ್ಕೆ ಜೋತುಬಿದ್ದಿದೆ. ಅವರ ಅರ್ಜಿಗೆ ತೊಡಕಾದರೆ ನಿಮ್ಮದು ಉಳಿಯಬಹುದು, ನಿಮ್ಮದು ಬಿದ್ದರೆ ಇಬ್ಬರದ್ದೂ ಬೀಳುತ್ತದೆ. ಅದರ ಮೇಲೆ, ಗಾಂಜಾ ಕೊಂಡು ಇನ್ನೊಬ್ಬರ ಕೈಗೆ ಕೊಡುವುದು ಫೆಡರಲ್ ಕಾನೂನಿನಲ್ಲಿ ತಾನು ಇಟ್ಟುಕೊಳ್ಳುವುದಕ್ಕಿಂತ ಭಾರದ ವಿಷಯ, ಲಾಭಕ್ಕೆ ಮಾಡದಿದ್ದರೂ ಸರಿ.

ಇರುವ ದಾರಿಗಳು

ವಾಂತಿಯ ವಿಷಯದಿಂದಲೇ ಶುರು ಮಾಡಿ. ಸ್ತನ ಕ್ಯಾನ್ಸರಿಗೆ ಮೊದಲ ಸುತ್ತುಗಳಲ್ಲಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಜೋಡಿ ಕೊಡುವುದು ಸಾಮಾನ್ಯ, ತೀವ್ರ ವಾಂತಿ ತರಿಸುವ ಔಷಧಗಳಲ್ಲಿ ಅದೂ ಒಂದು. ಅದಕ್ಕೆ ಈಗಿನ ಪದ್ಧತಿಯಲ್ಲಿ ನಾಲ್ಕು ಔಷಧ ಒಟ್ಟಿಗೆ ಕೊಡುತ್ತಾರೆ: ಅಪ್ರೆಪಿಟಂಟ್ ಥರದ್ದೊಂದು, ಆಂಡಾನ್‌ಸೆಟ್ರಾನ್ ಅಥವಾ ಪಾಲೊನೊಸೆಟ್ರಾನ್, ಡೆಕ್ಸಾಮೆಥಸೋನ್, ಜೊತೆಗೆ ಒಲಾಂಜಪಿನ್. ಪತ್ನಿಗೆ ನಾಲ್ಕೂ ಸಿಗುತ್ತಿದೆಯೇ ನೋಡಿ. ಒಲಾಂಜಪಿನ್ ಮಾನಸಿಕ ಕಾಯಿಲೆಯ ಮಾತ್ರೆ ಎಂದು ಹೆದರಿ ಬಿಟ್ಟುಬಿಡುವವರಿದ್ದಾರೆ. ವಾಂತಿಗೆ ಸಣ್ಣ ಪ್ರಮಾಣದಲ್ಲಿ, ಕೆಲವೇ ದಿನ ಕೊಡುವ ಅದು ಎರಡನೇ, ಮೂರನೇ ದಿನದ ಓಕರಿಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ವಿವರಣೆಯಲ್ಲಿ ಕಾಣುವುದೂ ಅದೇ ದಿನಗಳು.

ನಾಲ್ಕೂ ಕೊಟ್ಟು ನಿಲ್ಲದಿದ್ದರೆ ಮುಂದಿನದು ಡ್ರೊನಾಬಿನಾಲ್ ಅಥವಾ ನಾಬಿಲೋನ್. ಡ್ರೊನಾಬಿನಾಲ್ ಎಂದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿ, ನಾಬಿಲೋನ್ ಅದರ ಹತ್ತಿರದ ಸಂಬಂಧಿ. ಎರಡಕ್ಕೂ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೊ 2024ರಲ್ಲಿ ಕೊಟ್ಟ ಮಾರ್ಗಸೂಚಿಯೂ, ಮಾಮೂಲಿ ಔಷಧಕ್ಕೆ ಬಗ್ಗದ ವಾಂತಿಗೆ ಇವನ್ನು ಸೇರಿಸಬಹುದು ಎನ್ನುತ್ತದೆ. ಡ್ರೊನಾಬಿನಾಲ್ ಕ್ಯಾಪ್ಸೂಲ್ ಮೂರನೇ ಪಟ್ಟಿಯ ಔಷಧ. ಡಾಕ್ಟರು ಚೀಟಿ ಬರೆದರೆ, ಫಾರ್ಮಸಿಯಿಂದ ತಂದು ನುಂಗುವುದು ಫೆಡರಲ್ ಕಾನೂನಿನ ಪ್ರಕಾರವೇ ಸಕ್ರಮ. ಐ-485ರ ಪ್ರಶ್ನೆಗೆ ‘ಇಲ್ಲ’ ಎಂದು ಎದೆತಟ್ಟಿ ಉತ್ತರಿಸಬಹುದು.

ಲೇಬಲ್ಲಿನಲ್ಲಿರುವ ಆರಂಭದ ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 5 ಮಿಲಿಗ್ರಾಂ, ಕೀಮೋಗೆ 1ರಿಂದ 3 ಗಂಟೆ ಮೊದಲು. ನಂತರ 2–4 ಗಂಟೆಗೊಮ್ಮೆ, ದಿನಕ್ಕೆ 4ರಿಂದ 6 ಸಲ. ಎಷ್ಟೆಂದು ಕೊನೆಗೆ ತೀರ್ಮಾನಿಸುವುದು ಆಂಕಾಲಜಿಸ್ಟ್, ಹಲವರು ಕಡಿಮೆಯಿಂದ ಶುರು ಮಾಡುತ್ತಾರೆ. ತಲೆ ತಿರುಗುವುದು, ಮಂಪರು, ಕೆಲವರಲ್ಲಿ ಗಾಬರಿ ಇವು ಅಡ್ಡಪರಿಣಾಮಗಳು. ಕ್ಯಾಪ್ಸೂಲಿನಲ್ಲಿ ಎಳ್ಳೆಣ್ಣೆ ಇರುತ್ತದೆ, ಎಳ್ಳು ಒಗ್ಗದವರು ಮೊದಲೇ ಹೇಳಬೇಕು. ವಿಮಾ ಕಂಪನಿ ಪೂರ್ವಾನುಮತಿ ಕೇಳುವುದು ಸಾಮಾನ್ಯ. ಯಾವ ಯಾವ ಔಷಧ ಕೊಟ್ಟು ಎಷ್ಟು ದಿನ ವಾಂತಿ ನಿಲ್ಲಲಿಲ್ಲ ಎಂದು ಡಾಕ್ಟರ ಪತ್ರದಲ್ಲಿ ಹೆಸರು, ದಿನಾಂಕ ಸಹಿತ ಇದ್ದರೆ ಅದು ಬೇಗ ಸಿಗುತ್ತದೆ. ಹಾಗಾಗಿ ಮುಂದಿನ ಸುತ್ತಿನಲ್ಲಿ ಎಷ್ಟು ಸಲ ವಾಂತಿಯಾಯಿತು, ಏನು ತಿಂದರು ಎಂದು ಒಂದು ಹಾಳೆಯಲ್ಲಿ ಗುರುತು ಮಾಡಿಡಿ.

ಇದರಲ್ಲೂ ಸರ್ಕಾರದ ದಾಖಲೆ ಇದ್ದೇ ಇದೆ. ಎರಡರಿಂದ ಐದನೇ ಪಟ್ಟಿಯವರೆಗಿನ ಔಷಧ ಕೊಟ್ಟರೆ ಫಾರ್ಮಸಿಯವರು ನಿಯಂತ್ರಿತ ಔಷಧಗಳ ಚೀಟಿಗಳ ಲೆಕ್ಕ ಇಡುವ ಪೆನ್ಸಿಲ್ವೇನಿಯಾದ ಪಿಡಿಎಂಪಿ ದತ್ತಾಂಶಕ್ಕೆ ವರದಿ ಮಾಡಬೇಕು. ಆ ದಾಖಲೆಗೆ ಹೆದರಬೇಕಿಲ್ಲ, ಅದು ಚೀಟಿಯ ಮೇಲೆ ತಗೊಂಡದ್ದು ಎಂಬುದಕ್ಕೆ ನಿಮಗೇ ಸಾಕ್ಷಿ. ಕೆಲಸಕ್ಕೆ ಮೂತ್ರ ಪರೀಕ್ಷೆಯಾದರೆ ಟಿಎಚ್‌ಸಿ ಕಾಣಿಸುತ್ತದೆ. ಫಲಿತಾಂಶ ಪರಿಶೀಲಿಸುವ ವೈದ್ಯರಿಗೆ ಚೀಟಿ ತೋರಿಸಬೇಕು. ಗಾಂಜಾ ಕಾರ್ಡ್‌ಗೆ ಫೆಡರಲ್ ಪರೀಕ್ಷೆಗಳಲ್ಲಿ ಆ ಮಾನ್ಯತೆ ಇಲ್ಲ.

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಶುರುವಾದ ಮೇಲೆ ಕೈಕಾಲು ಜೋಮು, ಉರಿ ಬಂದರೆ ಆಗಲೂ ಯಾರಾದರೂ ಗಾಂಜಾ ಎನ್ನಬಹುದು. ಆ ನೋವಿಗೆ ಡುಲೊಕ್ಸೆಟಿನ್ ಬಗ್ಗೆ ಮೊದಲು ಕೇಳಿ.

ಸಿಬಿಡಿ (ಗಾಂಜಾ ಗಿಡದ, ಅಮಲೇರಿಸದ ಅಂಶ) ಎಣ್ಣೆಯನ್ನು ಸುರಕ್ಷಿತ ಎಂದು ಮಾರುತ್ತಾರೆ. 2018ರ ಫಾರ್ಮ್ ಬಿಲ್ ಶೇ 0.3ರೊಳಗೆ ಟಿಎಚ್‌ಸಿ ಇರುವ ಗಾಂಜಾ ಗಿಡವನ್ನು, ಎಂದರೆ ಹೆಂಪ್ ಅನ್ನು, ನಿಯಂತ್ರಿತ ಪಟ್ಟಿಯಿಂದ ಹೊರಗಿಟ್ಟಿತು. 2025ರ ನವೆಂಬರಿನ ಕಾನೂನು ಇದನ್ನು ಬಿಗಿ ಮಾಡಿ, ಒಂದು ಡಬ್ಬಿಗೆ ಒಟ್ಟು 0.4 ಮಿಲಿಗ್ರಾಂ ಟಿಎಚ್‌ಸಿ ಎಂಬ ಮಿತಿ ಹಾಕಿತು, ಜಾರಿಗೆ ಒಂದು ವರ್ಷದ ಗಡುವು ಕೊಟ್ಟು. ಲೇಬಲ್ಲಿನ ಲೆಕ್ಕಕ್ಕೂ ಒಳಗಿರುವುದಕ್ಕೂ ತಾಳೆಯಾಗದ ಡಬ್ಬಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಕೀಮೋ ವಾಂತಿಗೆ ಬರೀ ಸಿಬಿಡಿ ನಂಬುವಷ್ಟು ಆಧಾರವೂ ಇಲ್ಲ. ನಾನಾಗಿದ್ದರೆ ಸೂಚಿಸುವುದಿಲ್ಲ.

ಯಾವುದೂ ಹಿಡಿಯಲಿಲ್ಲ, ಕಾರ್ಡೇ ಬೇಕು ಎಂಬ ಹಂತ ಬಂದರೆ? ಪ್ರಾಣ ಮೊದಲು, ಗ್ರೀನ್ ಕಾರ್ಡ್ ಆಮೇಲೆ ಎಂದು ನೀವು ತೀರ್ಮಾನಿಸಿದರೆ ಅದನ್ನು ತಪ್ಪು ಎನ್ನಲಾರೆ. ಆದರೆ ಅರ್ಜಿ ಹಾಕುವ ಮೊದಲು, ಹಾಕಿದ ಮೇಲಲ್ಲ, ವಲಸೆ ವಕೀಲರನ್ನು ಕಾಣಿ. ಕಂಪನಿಯ ವಕೀಲರು ಕಂಪನಿಗೂ ಕೆಲಸ ಮಾಡುವವರು, ಈ ವಿಷಯಕ್ಕೆ ಸ್ವಂತ ವಕೀಲರಿರಲಿ. ದೃಢೀಕರಣವನ್ನು ಕ್ಯಾನ್ಸರ್ ಆಸ್ಪತ್ರೆಯಲ್ಲೇ ರಾಜ್ಯದಲ್ಲಿ ನೋಂದಾಯಿಸಿಕೊಂಡ ಡಾಕ್ಟರಿದ್ದರೆ ಅವರಿಂದ ಪಡೆಯಿರಿ, ಆಗ ಕನಿಷ್ಠ ಆ ಕಡತ ಹಿಪಾದೊಳಗೆ ಉಳಿಯುತ್ತದೆ. ಅಂಗಡಿಯಲ್ಲಿ ಫೋನ್ ನಂಬರ್, ಇಮೇಲ್ ಕೊಟ್ಟು ರಿಯಾಯಿತಿ ಯೋಜನೆಗೆ ಸೇರಬೇಡಿ. ಎಚ್‌ಎಸ್‌ಎ (ತೆರಿಗೆ ರಿಯಾಯಿತಿಯ ಆರೋಗ್ಯ ಉಳಿತಾಯ ಖಾತೆ) ಕಾರ್ಡಿನಲ್ಲಿ ಹಣ ಕಟ್ಟಬೇಡಿ, ತೆರಿಗೆ ಇಲಾಖೆ ಗಾಂಜಾವನ್ನು ವೈದ್ಯಕೀಯ ಖರ್ಚೆಂದು ಒಪ್ಪುವುದಿಲ್ಲ. ಕೇರ್‌ಗಿವರ್ ಬೇಕೇ ಬೇಕೆಂದರೆ ಅಮೆರಿಕದ ಪ್ರಜೆಯಾಗಿರುವ, ನಂಬಿಕಸ್ಥ ಸ್ನೇಹಿತರೊಬ್ಬರು ಆಗಲಿ. ಪತ್ನಿ ಗಾಡಿ ಓಡಿಸಬಾರದು. ಪೆನ್ಸಿಲ್ವೇನಿಯಾದಲ್ಲಿ ಒಂದನೇ ಪಟ್ಟಿಯ ವಸ್ತು ಅಥವಾ ಅದರ ಉಳಿಕೆ ರಕ್ತದಲ್ಲಿದ್ದರೆ ಸಾಕು, ಅಮಲಿಲ್ಲದಿದ್ದರೂ ಡಿಯುಐ (ಅಮಲಿನಲ್ಲಿ ಗಾಡಿ ಓಡಿಸಿದ) ಕೇಸು ಹಾಕಬಹುದು, ಗಾಂಜಾದ ಉಳಿಕೆ ದಿನಗಟ್ಟಲೆ ಇರುತ್ತದೆ. ಡಿಯುಐ ಬಂಧನವೊಂದೇ ವೀಸಾ ರದ್ದತಿಗೆ ದಾರಿಯಾಗಬಹುದು.

ಕಾರ್ಡ್ ಇರಲಿ ಇಲ್ಲದಿರಲಿ, ಆಸ್ಪತ್ರೆಯ ಕಡತದ ವಿಷಯದಲ್ಲಿ ನಿಮಗಿರುವ ಹಕ್ಕುಗಳನ್ನು ಬಳಸಿಕೊಳ್ಳಿ. ಕಡತದ ಪ್ರತಿ ಕೇಳಿದರೆ ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕು. ‘ಗಾಂಜಾ ಬಗ್ಗೆ ಚರ್ಚಿಸಲಾಯಿತು’ ಎನ್ನುವುದು ‘ರೋಗಿ ಗಾಂಜಾ ಬಳಸುತ್ತಾರೆ’ ಎಂದಾಗಿದ್ದರೆ ತಿದ್ದುಪಡಿಗೆ ಲಿಖಿತ ಅರ್ಜಿ ಕೊಡಿ. ಒಂದು ಟಿಕ್ ಗುರುತಿನ ವ್ಯತ್ಯಾಸದಿಂದ ಈ ತಪ್ಪು ಆಗುತ್ತದೆ. ಯಾವುದಾದರೂ ಭೇಟಿಗೆ ಪೂರ್ತಿ ಹಣ ಕೈಯಿಂದ ಕಟ್ಟಿದರೆ, ಅದರ ವಿವರವನ್ನು ವಿಮೆಗೆ ಕಳಿಸಬೇಡಿ ಎಂದು ಕೇಳಬಹುದು, ಆಸ್ಪತ್ರೆ ಒಪ್ಪಲೇಬೇಕು. ಆಸ್ಪತ್ರೆಗಳ ನಡುವೆ ಕಡತ ಹಂಚುವ ರಾಜ್ಯದ ಪಿ3ಎನ್ ಜಾಲದಿಂದ ಹೊರಗುಳಿಯುವ ಫಾರಂ ಇದೆ. ಆದರೆ ರಾತ್ರೋರಾತ್ರಿ ಬೇರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಅಲ್ಲಿನವರಿಗೆ ಕೀಮೋ ವಿವರ ಸಿಗದೆ ಹೋಗಬಹುದು. ಈ ಸಮಯದಲ್ಲಿ ಅದನ್ನು ತುಂಬುವುದು ಬೇಡ ಎಂದೇ ಹೇಳುತ್ತೇನೆ.

ಇದನ್ನು ಓದುವ ಹೊತ್ತಿಗೆ ಪತ್ನಿ ಕಾರ್ಡ್ ಮಾಡಿಸಿ ಬಳಸಿಯೂ ಆಗಿದ್ದರೆ, ಇಲ್ಲಿಗೆ ನಿಲ್ಲಿಸಿ, ಏನು, ಯಾವಾಗ ಎಂದು ವಕೀಲರಿಗೆ ಮಾತ್ರ ಪೂರ್ತಿ ಹೇಳಿ. ಅವರ ಜೊತೆಗಿನ ಮಾತು ಗೌಪ್ಯ. ಅವರ ಸಲಹೆ ಸಿಗುವವರೆಗೆ ಅಮೆರಿಕದ ಗಡಿ ದಾಟಿ ಹೊರಗೆ ಹೋಗಬೇಡಿ, ಮರಳಿ ಒಳಗೆ ಬರುವಾಗ ಪ್ರಶ್ನೆಗಳು ಹೊಸದಾಗಿ ಶುರುವಾಗುತ್ತವೆ. ಫೋನಿನ ದಾಖಲೆಗಳನ್ನು ಏನು ಮಾಡಬೇಕೆಂಬುದನ್ನೂ ಅವರನ್ನೇ ಕೇಳಿ, ನೀವಾಗಿ ಅಳಿಸಲು ಕೂರಬೇಡಿ.

ಊರಿಗೆ ಬರುವ ವಿಷಯ: ಗಮ್ಮಿ, ಎಣ್ಣೆ, ವೇಪ್ ಪೆನ್ ಒಂದನ್ನೂ ತರಬೇಡಿ. ಪೆನ್ಸಿಲ್ವೇನಿಯಾದ ಕಾರ್ಡ್‌ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬೆಲೆಯಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅದು ಆಮದಿನ ಅಪರಾಧವಾಗುತ್ತದೆ, ವೇಪ್ ಪೆನ್ ಆದರೆ 2019ರ ಇ-ಸಿಗರೇಟ್ ನಿಷೇಧವೂ ಸೇರಿಕೊಳ್ಳುತ್ತದೆ. ಡ್ರೊನಾಬಿನಾಲ್ ಕೂಡ ಟಿಎಚ್‌ಸಿಯೇ ಆದ್ದರಿಂದ ಅಮೆರಿಕದ ಚೀಟಿ ಇದೆ ಎಂಬ ಧೈರ್ಯದ ಮೇಲೆ ಅದನ್ನೂ ತರುವುದು ಬೇಡ. ಕೀಮೋ ನಡುವೆ ಪ್ರಯಾಣ ಅನಿವಾರ್ಯವಾದರೆ ಆ ದಿನಗಳಿಗೆ ಒಲಾಂಜಪಿನ್, ಆಂಡಾನ್‌ಸೆಟ್ರಾನ್ ಸಾಕಾಗುವಂತೆ ಹೊಂದಿಸಿಕೊಡಿ ಎಂದು ಆಂಕಾಲಜಿಸ್ಟ್ ಹತ್ತಿರ ಕೇಳಿ. ಎರಡೂ ನಮ್ಮೂರ ಔಷಧ ಅಂಗಡಿಗಳಲ್ಲಿ ಡಾಕ್ಟರ ಚೀಟಿ ತೋರಿಸಿದರೆ ಸಿಗುತ್ತವೆ.